ಸಪ್ತಾಪುರದ ಖಾನಾವಳಿ: ಓದಲು ಬಂದ ಮಕ್ಕಳಿಗೆ ನಾನು ತೋರಿಸುವ ಜಾಗ

ಧಾರವಾಡಕ್ಕೆ ಓದಲು ಬಂದವರು ‘ಊಟ ಎಲ್ಲಿ ಚಲೋ ಸಿಗುತ್ತೆ ಮೇಡಂ’ ಎಂದು ಕೇಳಿದರೆ ನಾನು ಸಪ್ತಾಪುರದ ಒಳರಸ್ತೆಯಲ್ಲಿರುವ ಈ ಖಾನಾವಳಿಯನ್ನೇ ಹೇಳುತ್ತೇನೆ. ಬೋರ್ಡಿನ ಮೇಲೆ ಬೇರೆ ಹೆಸರಿಲ್ಲ. ‘ಖಾನಾವಳಿ’ ಅಂತಷ್ಟೇ ಇದೆ. ಅದರ ಕೆಳಗೆ ‘ಬಿಸಿ ರೊಟ್ಟಿ, ಕಟಕ ರೊಟ್ಟಿ ಸಿಗುತ್ತವೆ’ ಎಂದು ಬಣ್ಣದಲ್ಲಿ ಬರೆದಿದ್ದಾರೆ. ನಡೆಸುವವರು ರೋಣದ ಕಡೆಯ ಗಂಡ ಹೆಂಡತಿ. ಅವರನ್ನು ಎಲ್ಲರೂ ಅಕ್ಕಾ, ಮಾಮಾ ಎಂದೇ ಕರೆಯುತ್ತಾರೆ. ಒಂದು ಊಟಕ್ಕೆ 80 ರೂಪಾಯಿ. ಎರಡೂ ಹೊತ್ತಿನ ತಿಂಗಳ ಪಾಸು 3,600. ಸುತ್ತಮುತ್ತ ಇದಕ್ಕಿಂತ ಅಗ್ಗದ ಜಾಗಗಳಿವೆ. ಆದರೂ ಇದನ್ನೇ ಯಾಕೆ ಹೇಳುತ್ತೇನೆ ಅಂತ ಸ್ವಲ್ಪ ಬಿಡಿಸಿ ಬರೆಯಬೇಕು.

ಇಲ್ಲಿ ಕೂತ ಕೂಡಲೇ ತಟ್ಟೆಗೆ ಮೊದಲು ಬೀಳುವುದು ಹಸಿ ತರಕಾರಿ. ಸೌತೆಕಾಯಿ, ಗಜ್ಜರಿ, ಮೂಲಂಗಿ, ಒಂದಿಷ್ಟು ಮೆಂತೆ ತೊಪ್ಪಲ, ಹಕ್ಕರಕಿ ಸಿಕ್ಕ ದಿನ ಹಕ್ಕರಕಿ, ಉಳ್ಳಾಗಡ್ಡಿ, ಒಂದು ಲಿಂಬಿಹಣ್ಣಿನ ಹೋಳು. ಬೇಕಾ ಎಂದು ಯಾರೂ ಕೇಳುವುದಿಲ್ಲ. ಹಾಕಿಬಿಡುತ್ತಾರೆ. ರೊಟ್ಟಿ ಬಡಿದು ಬೇಯಿಸಿ ತರುವಷ್ಟರಲ್ಲಿ ಹಸಿದವರು ಅದನ್ನು ಬಹುಪಾಲು ಮುಗಿಸಿರುತ್ತಾರೆ. ಆಮೇಲೆ ಜೋಳದ ರೊಟ್ಟಿ, ಒಂದು ಕಾಳು ಪಲ್ಯ, ಒಂದು ತೊಪ್ಪಲ ಪಲ್ಯ ಇಲ್ಲವೇ ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ) ಅಥವಾ ಅಗಸಿ ಹಿಂಡಿ, ಗಟ್ಟಿ ಮೊಸರು. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಮಡಕಿ ಕಾಳಿನ ಪಲ್ಯ ಬಹಳ ಚೆನ್ನಾಗಿರುತ್ತದೆ. ಕಾಳು ಒಡೆಯದ ಹಾಗೆ ಬೇಯಿಸಿ, ಹಸಿಖಾರ ಹಾಕಿ, ಸ್ವಲ್ಪವೇ ರಸ ಬಿಟ್ಟಿರುತ್ತಾರೆ. ರೊಟ್ಟಿ ಅದರಲ್ಲಿ ಅದ್ದಿದರೆ ಬೇರೇನೂ ಬೇಡ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎ. ಮಕ್ಕಳಿಗೆ ಆರೋಗ್ಯ ಮನಶ್ಶಾಸ್ತ್ರ ಹೇಳುತ್ತೇನೆ. ಮಧ್ಯಾಹ್ನ ಪಾಠ ಮುಗಿಸಿ ಅದೇ ಮಕ್ಕಳ ಜೊತೆ ಇದೇ ಬೆಂಚಿನ ಮೇಲೆ ಉಣ್ಣುತ್ತೇನೆ. ಹೀಗಾಗಿ ಅವರು ಏನು ನಂಬುತ್ತಾರೆ, ಏನು ತಿನ್ನುತ್ತಾರೆ ಎಂಬ ಎರಡೂ ನನ್ನ ಕಣ್ಣೆದುರಿಗೇ ಇರುತ್ತವೆ.

ಕ್ಲಾಸಿನಲ್ಲಿ ಹೆಲ್ತ್ ಬಿಲೀಫ್ ಮಾಡೆಲ್, ಅಂದರೆ ಜನರ ನಂಬಿಕೆಗಳು ಅವರ ಆರೋಗ್ಯದ ನಡವಳಿಕೆಯನ್ನು ಹೇಗೆ ನಡೆಸುತ್ತವೆ ಎಂಬ ಸಿದ್ಧಾಂತ, ಹೇಳುವಾಗ ಅದು ಹುಟ್ಟಿದ ಕಥೆಯಿಂದ ಶುರು ಮಾಡುತ್ತೇನೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯ ಪತ್ತೆ ಮಾಡುವ ಎಕ್ಸ್-ರೇ ವ್ಯವಸ್ಥೆಯನ್ನು ಗಾಡಿಯಲ್ಲಿಟ್ಟು ಜನ ಇರುವ ಕಡೆಗೇ ಒಯ್ದರು. ಅದೂ ಪುಕ್ಕಟೆ. ಆದರೂ ಅಂದುಕೊಂಡಷ್ಟು ಜನ ಬರಲಿಲ್ಲ. ಯಾಕೆ ಬರಲಿಲ್ಲ, ಬಂದವರು ಯಾಕೆ ಬಂದರು ಎಂದು ಗಾಡ್‌ಫ್ರಿ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮತ್ತು ಅವರ ಜೊತೆಗಾರರು ಹುಡುಕಲು ಹೋದರು. ಅವರ ಉತ್ತರ ಸರಳವಾಗಿತ್ತು. ಈ ರೋಗ ನನಗೂ ಬರಬಹುದಾ? ಬಂದರೆ ಎಷ್ಟು ಕಷ್ಟ? ಪರೀಕ್ಷೆ ಮಾಡಿಸಿಕೊಂಡರೆ ನನಗೇನು ಲಾಭ? ಅದಕ್ಕೆ ನಾನು ಪಡಬೇಕಾದ ತೊಂದರೆ ಏನು? ಮನುಷ್ಯ ಮನಸ್ಸಿನಲ್ಲೇ ಈ ಲೆಕ್ಕ ಹಾಕುತ್ತಾನೆ. ಜೊತೆಗೆ ಹೊರಗಿನಿಂದ ಒಂದು ತಿವಿತವೂ ಬೇಕು. ಪಕ್ಕದ ಮನೆಯವರಿಗೆ ಕಾಯಿಲೆ ಬಂದಿದ್ದೋ, ಗೋಡೆಯ ಮೇಲಿನ ಪೋಸ್ಟರೋ, ಅಮ್ಮನ ಫೋನೋ ಆಗಬಹುದು. 1988ರಲ್ಲಿ ರೋಸೆನ್‌ಸ್ಟಾಕ್ ಮತ್ತೆ ಕೆಲವರು ಇನ್ನೊಂದನ್ನು ಸೇರಿಸಿದರು: ಇದು ನನ್ನ ಕೈಲಿ ಆಗುತ್ತದೆ ಎನ್ನುವ ಧೈರ್ಯ.

ಇಷ್ಟರಲ್ಲಿ ಯಾವುದರ ತೂಕ ಜಾಸ್ತಿ? 1984ರಲ್ಲಿ ಜಾನ್ಜ್ ಮತ್ತು ಬೆಕರ್ ಎಂಬ ಸಂಶೋಧಕರು ಈ ಸಿದ್ಧಾಂತದ ಮೇಲೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ತೊಂದರೆಯ ಲೆಕ್ಕ. ಹಣ, ಹೊತ್ತು, ದೂರ, ನಾಚಿಕೆ, ಬೇಸರ. ನನ್ನ ಮಕ್ಕಳಿಗೆ ಪಾಠದಲ್ಲಿ ಇದು ಒಂದು ಸಾಲು. ಈ ಖಾನಾವಳಿಯಲ್ಲಿ ಅದು ದಿನದ ವ್ಯವಹಾರ.

ಬೆಳಗಿನ ತಿಂಡಿಯನ್ನೇ ನೋಡಿ. ನಾಷ್ಟಾ ಬಿಡಬಾರದು ಎಂದು ಗೊತ್ತಿಲ್ಲದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಪುಟಗಟ್ಟಲೆ ಬರೆಯುತ್ತಾರೆ. ಆದರೆ ಹಾಸ್ಟೆಲಿನಲ್ಲಿ ಸ್ನಾನಕ್ಕೆ ಸಾಲು, ತಿಂಡಿಗೆ ಸಾಲು, ಆಮೇಲೆ ಬಸ್ಸು. ಮೂರರಲ್ಲಿ ಒಂದನ್ನು ಬಿಡಬೇಕು ಎಂದರೆ ತಿಂಡಿಯನ್ನೇ ಬಿಡುತ್ತಾರೆ. ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅಕ್ಕಾ ಇದಕ್ಕೊಂದು ದಾರಿ ಮಾಡಿದ್ದಾರೆ. ಬೆಳಿಗ್ಗೆ 7 ಗಂಟೆಗೇ ಬಾಗಿಲ ಬಳಿ ಒಂದು ಮೇಜು ಹಾಕುತ್ತಾರೆ. ಮೆತ್ತಗಿನ ರೊಟ್ಟಿ ಅಥವಾ ಚಪಾತಿಗೆ ಕಾಳು ಪಲ್ಯ, ಹಿಂಡಿ ಸವರಿ, ಸುರುಳಿ ಸುತ್ತಿ, ಕಾಗದದಲ್ಲಿ ಕಟ್ಟಿ ಇಟ್ಟಿರುತ್ತಾರೆ. 25 ರೂಪಾಯಿ. ನಿಲ್ಲಬೇಕಿಲ್ಲ, ಕೂರಬೇಕಿಲ್ಲ, ಕೈ ತೊಳೆಯುವ ಸಾಲೂ ಇಲ್ಲ. ಪಾಸಿದ್ದವರ ಹೆಸರು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ, ತಿಂಗಳ ಕೊನೆಗೆ ಲೆಕ್ಕ. ಮಕ್ಕಳು ನಡೆಯುತ್ತಲೇ ತಿನ್ನುತ್ತಾರೆ. ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಹುಡುಗಿ ಈಗ ಪ್ರಶ್ನೆ ಕೇಳುತ್ತಾಳೆ. ಎಲ್ಲವೂ ರೊಟ್ಟಿಯಿಂದಲೇ ಎಂದು ನಾನು ಹೇಳಲಾರೆ, ಆದರೆ ನನಗೆ ಖುಷಿಯಿದೆ.

ಇನ್ನು ನಂಬಿಕೆಯೇ ಅಡ್ಡದಾರಿ ಹಿಡಿದ ಕಡೆ ಏನಾಗುತ್ತದೆ? ಸಪ್ತಾಪುರ ಎಂದರೆ ಕೋಚಿಂಗ್ ಕ್ಲಾಸು, ಬಾಡಿಗೆ ಲೈಬ್ರರಿ, ಪಿ.ಎಸ್.ಐ., ಕೆ.ಎ.ಎಸ್. ಎಂದು ಹಗಲು ರಾತ್ರಿ ಓದುವವರ ಊರು. ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರ ಗುಂಪು ಇಲ್ಲಿಗೆ ಊಟಕ್ಕೆ ಬರುತ್ತದೆ. ಅವರಲ್ಲಿ ಹಲವರ ನಂಬಿಕೆ ಒಂದೇ: ಡಬ್ಬಿಯ ಪ್ರೋಟೀನ್ ಪೌಡರ್ ಇಲ್ಲದೆ ಮೈ ಕಟ್ಟುವುದಿಲ್ಲ. ಊರಿನಿಂದ ಅಪ್ಪ ಕಳಿಸಿದ ದುಡ್ಡಿನಲ್ಲಿ ಸಾವಿರಗಟ್ಟಲೆ ಕೊಟ್ಟು ಡಬ್ಬಿ ತರುತ್ತಾರೆ. ಆಮೇಲೆ ಖರ್ಚು ಸರಿದೂಗಿಸಲು ಊಟ ಒಂದು ಹೊತ್ತಿಗೆ ಇಳಿಸುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಇಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈ ಕಟ್ಟಲೆಂದು ಇಂಥ ಪೌಡರ್ ತಿನ್ನಬೇಡಿ ಎಂದೇ ಹೇಳಿದೆ. 2020ರ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಮೈತೂಕದ ಕಿಲೋಗೆ 0.83 ಗ್ರಾಂ. 60 ಕಿಲೋ ಹುಡುಗನಿಗೆ ಸುಮಾರು 50 ಗ್ರಾಂ. ಓಡುವವರಿಗೆ ಇನ್ನಷ್ಟು ಬೇಕು, ಇರಲಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ, 100 ಗ್ರಾಂ ಒಣ ಮಡಕಿ ಕಾಳಿನಲ್ಲಿ ಸುಮಾರು 20, ಜೋಳದಲ್ಲಿ ಸುಮಾರು 10. ಎಂದರೆ ಇಲ್ಲಿನ ರೊಟ್ಟಿ, ಕಾಳು, ಹಿಂಡಿ, ಮೊಸರನ್ನು ಎರಡು ಹೊತ್ತು ಹೊಟ್ಟೆ ತುಂಬ ಉಂಡರೆ ದೊಡ್ಡ ಪಾಲು ಬಂದೇಬಿಡುತ್ತದೆ. ಜೋಳ ಮತ್ತು ಕಾಳು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ನಾನು ಆ ಹುಡುಗರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ತಲೆಯಾಡಿಸಿದರು. ಡಬ್ಬಿ ಬಿಡಲಿಲ್ಲ.

ಕೆಲಸ ಮಾಡಿದ್ದು ಮಾಮಾರ ಮಾತು. ಒಂದು ದಿನ ಅವರು ಬಡಿಸುತ್ತಾ, ‘ತಮ್ಮಾ, ನಮ್ಮಪ್ಪ ಗರಡಿ ಮನಿ ಪೈಲ್ವಾನ. ಏನ್ ತಿಂತಿದ್ದ ಗೊತ್ತೈತೇನ? ಇದನ್ನ’ ಎಂದು ಎರಡನೇ ಸಲ ಮಡಕಿ ಕಾಳು ಸುರಿದರು. ಆ ಹುಡುಗರಲ್ಲಿ ಒಬ್ಬ ಈಗ ದಿನಾ ಎರಡು ಬಟ್ಟಲು ಕಾಳು ಕೇಳುತ್ತಾನೆ. ಎರಡನೇ ಬಟ್ಟಲಿಗೆ ಅಕ್ಕಾ ದುಡ್ಡು ತಗೊಳ್ಳುವುದಿಲ್ಲ. ‘ಅಕ್ಕಿ ತಿಂದವ ಹಕ್ಕಿಯಂತಾದ, ಜೋಳ ತಿಂದವ ತೋಳದಂತಾದ’ ಎಂಬ ಮಾತು ಈ ಹುಡುಗರೆಲ್ಲ ಮನೆಯಲ್ಲಿ ಕೇಳಿ ಬೆಳೆದದ್ದೇ. ಆ ಮಾತನ್ನು ಹೇಳುವ ಮನುಷ್ಯ ಎದುರಿಗೆ ನಿಂತು ಬಡಿಸಿದಾಗ ನನ್ನ ಗ್ರಾಂ ಲೆಕ್ಕಕ್ಕಿಲ್ಲದ ಬಲ ಅದಕ್ಕೆ ಬರುತ್ತದೆ. ಮನೆಯ ನಂಬಿಕೆಗಳನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವ ಆರೋಗ್ಯ ಶಿಬಿರಗಳು ಇದನ್ನು ಗಮನಿಸಬೇಕು.

ಎಲ್ಲ ಮನೆಯ ಮಾತೂ ಒಳ್ಳೆಯದೇ ಅಂತಲ್ಲ. ಹುಡುಗಿಯರ ಬೆಂಚಿನಲ್ಲಿ ಬೇರೆಯೇ ಚಿಂತೆ. ರಾತ್ರಿ ಮೊಸರು ತಿಂದರೆ ನೆಗಡಿ, ಮುಟ್ಟಿನ ದಿನ ಅದು ತಿನ್ನಬಾರದು ಇದು ತಿನ್ನಬಾರದು, ಅನ್ನ ಬಿಟ್ಟರೆ ತೂಕ ಇಳಿಯುತ್ತದೆ, ರಾತ್ರಿ ಉಣ್ಣದೇ ಇದ್ದರೆ ಇನ್ನೂ ಬೇಗ ಇಳಿಯುತ್ತದೆ. ಹೀಗೆ ಒಂದೊಂದೇ ಬಿಡುತ್ತಾ ಹೋದರೆ ತಟ್ಟೆಯಲ್ಲಿ ಉಳಿಯುವುದೇನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರಿಗೆ. ಸುಸ್ತು, ತಲೆಸುತ್ತು, ಓದಿದ್ದು ತಲೆಗೆ ಹತ್ತದಿರುವುದು, ಇದನ್ನೆಲ್ಲ ಹುಡುಗಿಯರು ‘ಟೆನ್ಶನ್ ಮೇಡಂ’ ಎಂದು ಬಿಡುತ್ತಾರೆ.

ಇಲ್ಲಿನ ತಟ್ಟೆಯಲ್ಲಿ ಕಬ್ಬಿಣಾಂಶಕ್ಕೆ ತೊಪ್ಪಲವಿದೆ, ಕಾಳಿದೆ, ಜೋಳವಿದೆ. ಆ ಲಿಂಬಿಹೋಳನ್ನು ಅಕ್ಕಾ ರುಚಿಗೆಂದು ಇಡುತ್ತಾರೆ. ಅದರಲ್ಲಿನ ವಿಟಮಿನ್ ಸಿ ಕಾಳು, ತೊಪ್ಪಲದ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ದಯವಿಟ್ಟು ಅದನ್ನು ತಟ್ಟೆಯ ಅಂಚಿಗೆ ಸರಿಸಬೇಡಿ. ಪಲ್ಯದ ಮೇಲೆ ಹಿಂಡಿಕೊಳ್ಳಿ.

ಇದೇ ಜಾಗದ ದೊಡ್ಡ ಕೊರತೆಯೂ ಇಲ್ಲೇ ಇದೆ. ಖಾನಾವಳಿಯ ಬಾಗಿಲಿಗೆ ಅಂಟಿಕೊಂಡೇ ಚಹಾದಂಗಡಿ. ಊಟ ಮುಗಿಸಿ ಕೈ ತೊಳೆದವರು ಮೂರು ಹೆಜ್ಜೆಗೆ ಚಹಾ ಹಿಡಿದಿರುತ್ತಾರೆ. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರದ ಹಾಗೆ ಮಾಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಚಹಾ ಕಾಫಿ ಬೇಡ ಎಂದು 2024ರ ಮಾರ್ಗಸೂಚಿಯಲ್ಲೂ ಇದೆ. ಚಹಾದಂಗಡಿಯವರ ಹೊಟ್ಟೆಪಾಡು ಅದು, ಎತ್ತಿಸಿ ಎನ್ನಲು ನಾನ್ಯಾರು? ಆದರೆ ಮಜ್ಜಿಗೆಯನ್ನು ಊಟದ ಕೊನೆಗೆ ಕೈ ತೊಳೆದ ಮೇಲೆ, ಬಾಗಿಲ ಬಳಿ ಲೋಟದಲ್ಲಿ ಕೊಡಿ ಎಂದು ಅಕ್ಕಾರಿಗೆ ಹೇಳಿದೆ. ಇಂಗು, ಜೀರಿಗೆ, ಕರಿಬೇವು ಹಾಕಿದ ಮಜ್ಜಿಗೆ. ಅಕ್ಕಾ ಒಪ್ಪಿದರು. ಲೋಟ ಹಿಡಿದು ಹೊರಗೆ ನಿಂತು ಹರಟುವುದು ಮಕ್ಕಳಿಗೂ ರೂಢಿಯಾಗುತ್ತಿದೆ. ಅವರಿಗೆ ಬೇಕಾಗಿದ್ದದ್ದು ಚಹಾಕ್ಕಿಂತ ಆ ಐದು ನಿಮಿಷದ ಹರಟೆ ಎಂದು ನನಗೆ ಅನಿಸುತ್ತದೆ. ಬೇಸಿಗೆಯಲ್ಲಿ ಇದು ನಡೆಯುತ್ತದೆ. ಧಾರವಾಡದ ಮಳೆಗಾಲದಲ್ಲಿ ತಣ್ಣಗಿನ ಮಜ್ಜಿಗೆ ಯಾರಿಗೂ ಬೇಡ. ಆಗ ಏನು ಎಂದು ಅಕ್ಕಾ, ನಾನು ಇನ್ನೂ ಯೋಚಿಸುತ್ತಿದ್ದೇವೆ.

ಹುಡುಗರಿಗಿಂತ ಹುಡುಗಿಯರು ತಟ್ಟೆಯ ತರಕಾರಿ ಪೂರ್ತಿ ಮುಗಿಸುವುದನ್ನೂ ಗಮನಿಸಿದ್ದೇನೆ. ಇದು ನಮ್ಮೂರಿನದಷ್ಟೇ ಸಂಗತಿ ಅಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜೇನ್ ವಾರ್ಡಲ್ ಮತ್ತು ಜೊತೆಗಾರರು 23 ದೇಶಗಳ ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಕೇಳಿ, 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಹಣ್ಣು, ನಾರಿನ ಪದಾರ್ಥ ತಿನ್ನುವುದು, ಕೊಬ್ಬು, ಉಪ್ಪು ಕಡಿಮೆ ಮಾಡುವುದು, ಎಲ್ಲದರಲ್ಲೂ ಹುಡುಗಿಯರು ಮುಂದೆ. ಅದು ಆರೋಗ್ಯಕ್ಕೆ ಮುಖ್ಯ ಎಂದು ಅವರು ಹೆಚ್ಚು ನಂಬಿದ್ದೇ ಆ ಅಂತರಕ್ಕೆ ಒಂದು ದೊಡ್ಡ ಕಾರಣ. ಹಾಗಾಗಿ ನಂಬಿಕೆ ಸುಮ್ನೆ ಅಲ್ಲ. ನಾನು ಕ್ಲಾಸಿನಲ್ಲಿ ಹೇಳುವುದನ್ನು ಬಿಡುವುದೂ ಇಲ್ಲ. ನಂಬಿದ್ದನ್ನು ಮಾಡಲು ಜಾಗ ಸಿಗಬೇಕು, ಅಷ್ಟೇ ನನ್ನ ಮಾತು.

ಹುಡುಗರಲ್ಲಿ ಕಾಣುವುದು ‘ನನಗೇನ್ ಆಗ್ತೈತ್ರಿ’ ಎನ್ನುವ ಧಾಟಿ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಜ್ಜನಿಗೂ ಇತ್ತು, ಆದರೆ ತನಗೆ ಬರುವುದಿಲ್ಲ. 1980ರಲ್ಲಿ ನೀಲ್ ವೈನ್‌ಸ್ಟೀನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನೇ ತೋರಿಸಿದ್ದರು. ಒಳ್ಳೆಯದು ನಡೆಯುವುದಾದರೆ ಉಳಿದವರಿಗಿಂತ ನನಗೆ ಜಾಸ್ತಿ, ಕೆಟ್ಟದ್ದು ನಡೆಯುವುದಾದರೆ ನನಗೆ ಕಡಿಮೆ ಎಂದು ಹೆಚ್ಚಿನವರು ಎಣಿಸಿದ್ದರು. ಇಪ್ಪತ್ತರ ವಯಸ್ಸಿನವರನ್ನು ನಲವತ್ತರ ಕಾಯಿಲೆಯಿಂದ ಹೆದರಿಸಿ ಉಪಯೋಗವಿಲ್ಲ. ಖಾನಾವಳಿಯಲ್ಲಿ ಯಾರೂ ಹೆದರಿಸುವುದಿಲ್ಲ. ಬಿಸಿ ರೊಟ್ಟಿ ಚೆನ್ನಾಗಿರುತ್ತದೆ, ತಿನ್ನುತ್ತಾರೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಅದು ಯಾರಿಗೂ ಗೊತ್ತಿರಬೇಕಾಗಿಲ್ಲ.

ರಾತ್ರಿ 9.30ಕ್ಕೆ ಒಲೆ ಆರುತ್ತದೆ. ಇದರ ಬಗ್ಗೆ ಲೈಬ್ರರಿ ಹುಡುಗರ ದೂರು ಬಹಳ. ಹನ್ನೊಂದರವರೆಗೆ ಇಡಿ ಎಂದು ಬೇಡಿಕೊಳ್ಳುತ್ತಾರೆ. ಮಾಮಾ, ‘ನಾವೂ ಮಲಗಬೇಕಲ್ಲಪಾ, ನೀವೂ ಮಲಗ್ರಿ’ ಎನ್ನುತ್ತಾರೆ. ನಾನು ಪೂರ್ತಿ ಮಾಮಾರ ಪಕ್ಷ. ರಾತ್ರಿಯೆಲ್ಲ ಓದಿದರೆ ಮಾತ್ರ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಇಲ್ಲಿನ ಓಣಿ ಓಣಿಯಲ್ಲೂ ಇದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಈ ವಯಸ್ಸಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಒಂಬತ್ತೂವರೆಯೊಳಗೆ ಊಟಕ್ಕೆ ಏಳಲೇಬೇಕಾದ ಹುಡುಗ ಕೊನೇಪಕ್ಷ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ಆಮೇಲೆ ಬಂದರೆ ಹೊರಗೆ ಎಗ್ ರೈಸ್ ಗಾಡಿ ಇದ್ದೇ ಇದೆ.

ಸರಿ ಹೋಗಬೇಕಾದ್ದು ಇನ್ನೂ ಕೆಲವಿವೆ. ಹಿಂಡಿಯಲ್ಲಿ, ಉಪ್ಪಿನಕಾಯಿಯಲ್ಲಿ ಉಪ್ಪು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಹಿಂಡಿಯನ್ನು ಎರಡನೇ ಸಲ ಹಾಕಿಸಿಕೊಂಡರೆ ಅದು ಕೈಮೀರುತ್ತದೆ. ಎಣ್ಣೆಗಾಯಿಯಲ್ಲಿ ಎಣ್ಣೆ ತೇಲುತ್ತಿರುತ್ತದೆ, ಬದನೆಕಾಯಿ ಮಾತ್ರ ಎತ್ತಿಕೊಳ್ಳಿ. ಹಣ್ಣು ಇಲ್ಲವೇ ಇಲ್ಲ. ವಾರಕ್ಕೊಮ್ಮೆಯಾದರೂ ಪೇರಲವೋ ಬಾಳೆಹಣ್ಣೋ ಇಟ್ಟರೆ ಚಲೋ ಎಂದು ಹೇಳಿದ್ದೇನೆ. ಪೂರ್ತಿ ಸಸ್ಯಾಹಾರಿ, ಮೊಟ್ಟೆ ಸಿಗುವುದಿಲ್ಲ. ಕೈ ತೊಳೆಯುವ ಜಾಗದಲ್ಲಿ ಸಾಬೂನು ಕೆಲವೊಮ್ಮೆ ಮುಗಿದಿರುತ್ತದೆ, ಇದನ್ನು ಮಾತ್ರ ನಾನು ಸಹಿಸುವುದಿಲ್ಲ, ಕಂಡಾಗಲೆಲ್ಲ ಹೇಳುತ್ತೇನೆ. ಮಂಡ್ಯದಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬನಿಗೆ ಕಟಕ ರೊಟ್ಟಿ ಅಗಿಯಲು ಬಹಳ ಕಷ್ಟವಾಯಿತು. ಅಂಥವರು ಬಿಸಿ ರೊಟ್ಟಿಯನ್ನೇ ಕೇಳಿ, ಮೊಸರಿನಲ್ಲಿ ಅದ್ದಿ ತಿನ್ನಿ. ಅಮವಾಸ್ಯೆಯ ದಿನ ಹೋಳಿಗೆ ಇರುತ್ತದೆ, ತುಪ್ಪ ಕೇಳಿದಷ್ಟು ಹಾಕುತ್ತಾರೆ. ಅಂದು ಯಾವ ಲೆಕ್ಕವೂ ಬೇಡ.

ಹೊಸದಾಗಿ ಬಂದವರು ಮೊದಲು ಒಂದು ವಾರದ ಪಾಸು ತಗೊಳ್ಳಿ. ತಿಂಗಳದ್ದು ಆಮೇಲೆ ನೋಡಬಹುದು. ಊರಿಗೆ ಹೋಗುವುದಿದ್ದರೆ ಹಿಂದಿನ ದಿನ ಹೇಳಿದರೆ ಆ ಊಟಗಳನ್ನು ಮುಂದಕ್ಕೆ ಹಾಕಿಕೊಡುತ್ತಾರೆ. ಮಧ್ಯಾಹ್ನ ಒಂದೂಕಾಲರಿಂದ ಎರಡರವರೆಗೆ ಕೂರಲು ಜಾಗ ಸಿಗುವುದಿಲ್ಲ, ಒಂದರೊಳಗೆ ಬನ್ನಿ. ರವಿವಾರ ರಾತ್ರಿ ರಜೆ. ಬೆಳಗಿನ ಸುರುಳಿ ಎಂಟೂವರೆಗೆಲ್ಲ ಖಾಲಿ. ಬೇಕಿದ್ದರೆ ರಾತ್ರಿ ಊಟಕ್ಕೆ ಬಂದಾಗಲೇ ಅಕ್ಕಾರಿಗೆ ಹೇಳಿ ಹೋಗಿ, ತೆಗೆದಿಡುತ್ತಾರೆ.